ನೋವಿನ ಮಾತ್ರೆ, ಹಂಚಿಕೊಂಡ ಸೂಜಿ: ಸ್ಕಾಟ್ ಕೌಂಟಿಯಲ್ಲಿ ಆದದ್ದೇನು?

ಅಮೆರಿಕದ ಇಂಡಿಯಾನಾ ರಾಜ್ಯದ ಆಗ್ನೇಯ ಭಾಗದಲ್ಲಿ ಸ್ಕಾಟ್ ಎಂಬ ಪುಟ್ಟ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇದೆ. 2004ರಿಂದ 2013ರವರೆಗೆ, ಪೂರ್ತಿ ಹತ್ತು ವರ್ಷದಲ್ಲಿ, ಅಲ್ಲಿ ವರದಿಯಾದ ಎಚ್‌ಐವಿ ಸೋಂಕು ಐದೇ ಐದು. ಆಮೇಲೆ 2014ರ ನವೆಂಬರ್ 18ರಿಂದ 2015ರ ನವೆಂಬರ್ 1ರೊಳಗೆ ಇದೇ ಜಾಗಕ್ಕೆ ಕೊಂಡಿಯಿದ್ದ 181 ಜನರಲ್ಲಿ ಎಚ್‌ಐವಿ ಪತ್ತೆಯಾಯಿತು. ಹೆಚ್ಚಿನವರು ಆಸ್ಟಿನ್ ಎಂಬ ಒಂದೇ ಊರಿನ ಸುತ್ತಮುತ್ತಲಿನವರು. ಆ ಊರಿನ ಜನಸಂಖ್ಯೆ ಸುಮಾರು 4,200.

ಎಚ್‌ಐವಿ ಅಂದ ತಕ್ಷಣ ನಮಗೆ ದೊಡ್ಡ ನಗರ, ಹೆದ್ದಾರಿ, ಹೆರಾಯಿನ್ ಇಂಥವೇ ನೆನಪಾಗುತ್ತವೆ. ಇಲ್ಲಿ ಕಥೆ ಬೇರೆ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 88 ಮಂದಿ ಹೇಳಿದ್ದು ಒಂದೇ ಮಾತು: ತಾವು ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆಯನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದೆವು ಅಂತ. ಅದು ಕಾನೂನುಬದ್ಧ ಕಾರ್ಖಾನೆಯಲ್ಲಿ ತಯಾರಾದದ್ದು. ಸರ್ಕಾರದ ಔಷಧಿ ಸಂಸ್ಥೆ ಒಪ್ಪಿಗೆ ಕೊಟ್ಟದ್ದು. ವೈದ್ಯರು ಚೀಟಿ ಬರೆದರೆ ಮಾತ್ರ ಸಿಗುವಂಥದ್ದು.

ಸಾಮಾನ್ಯವಾಗಿ ಈ ಪ್ರಕರಣವನ್ನು ಎಚ್‌ಐವಿಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಮೊದಲು ಮಾತ್ರೆಯ ಕಥೆ. ವೈರಸ್ ಬಂದದ್ದು ಕೊನೆಗೆ. ಅದು ಬರುವಷ್ಟರಲ್ಲಿ ದಾರಿಯೆಲ್ಲ ಸಿದ್ಧವಾಗಿತ್ತು.

ಗೊತ್ತಾದ ಬಗೆ

2014ರ ಕೊನೆಯ ಹೊತ್ತಿಗೆ ಮೂವರಲ್ಲಿ ಹೊಸದಾಗಿ ಸೋಂಕು ಕಂಡುಬಂತು. ಸೋಂಕಿನ ಜಾಡು ಹಿಡಿಯುವ ಸಿಬ್ಬಂದಿ ಅವರನ್ನು ಮಾತಾಡಿಸಿದಾಗ, ಇಬ್ಬರು ಒಂದೇ ಸೂಜಿ ಹಂಚಿಕೊಂಡಿದ್ದು ತಿಳಿಯಿತು. ಅವರ ಜೊತೆಗಿದ್ದವರನ್ನು ಹುಡುಕಿ ಪರೀಕ್ಷೆ ಮಾಡಿದರು. 2015ರ ಜನವರಿ 23ರಷ್ಟರಲ್ಲಿ ಇನ್ನೂ ಎಂಟು ಜನ ಸಿಕ್ಕರು. ಒಟ್ಟು 11. ಅಂದು ರಾಜ್ಯದ ಆರೋಗ್ಯ ಇಲಾಖೆ ತನಿಖೆ ಶುರುಮಾಡಿತು. ಏಪ್ರಿಲ್ 21ಕ್ಕೆ ಸಂಖ್ಯೆ 135 ಮುಟ್ಟಿತ್ತು.

ರಾಜ್ಯದ ಇಲಾಖೆಯ ಜೊತೆ ರಾಷ್ಟ್ರೀಯ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಕೈಜೋಡಿಸಿತು. ಸೋಂಕಿತರು ಒಟ್ಟು 536 ಜನರ ಹೆಸರು ಹೇಳಿದರು. ಅವರಲ್ಲಿ 468 ಜನರನ್ನು ಪತ್ತೆಮಾಡಿ ಪರೀಕ್ಷಿಸಿದರು. ಸಣ್ಣ ಊರಲ್ಲಿ ಮನೆ ಮನೆ ಬಾಗಿಲು ತಟ್ಟಿ ಮಾಡುವ ಇಂಥ ಕೆಲಸ ಎಷ್ಟು ಕಷ್ಟ ಅಂತ ಊಹಿಸಿ. ಎದುರಿಗೆ ಕೂತವರು ಪೊಲೀಸರಿಗೆ ಹೆದರುತ್ತಾರೆ, ನೆಂಟರಿಗೆ ಹೆದರುತ್ತಾರೆ, ಫಲಿತಾಂಶಕ್ಕೂ ಹೆದರುತ್ತಾರೆ. ಹಾಗಿದ್ದೂ ಅಷ್ಟು ಜನರನ್ನು ತಲುಪಿದ್ದು ಈ ಪ್ರಕರಣದಲ್ಲಿ ಚೆನ್ನಾಗಿ ನಡೆದ ಕೆಲಸಗಳಲ್ಲಿ ಒಂದು.

ಪ್ರಯೋಗಾಲಯದಿಂದ ಬಂದ ಮಾಹಿತಿ ಇನ್ನೂ ಮುಖ್ಯ. 159 ಜನರ ವೈರಸ್ಸಿನ ವಂಶವಾಹಿ ಓದಿದಾಗ 157 ಒಂದಕ್ಕೊಂದು ತೀರಾ ಹತ್ತಿರದವು ಅಂತ ಕಂಡಿತು. ಅಂದರೆ ವೈರಸ್ ಹತ್ತು ಕಡೆಯಿಂದ ಬಂದಿರಲಿಲ್ಲ. ಒಂದು ಮೂಲದಿಂದ ಒಳಗೆ ಬಂದು, ಇದ್ದ ಜಾಲದಲ್ಲೇ ಕಡಿಮೆ ಸಮಯದಲ್ಲಿ ಹರಡಿತ್ತು. ಆ ಜಾಲ ಎಂಥದ್ದು ಅಂತ ಅರ್ಥವಾಗಬೇಕಾದರೆ ಮಾತ್ರೆಯ ಹತ್ತಿರ ಹೋಗಬೇಕು.

ಮಾತ್ರೆ

ಆಕ್ಸಿಮಾರ್ಫೋನ್ ಓಪಿಯಾಯ್ಡ್ ಗುಂಪಿನ ಔಷಧಿ. ಮಾರ್ಫಿನ್, ಹೆರಾಯಿನ್ ಎಲ್ಲ ಇದೇ ಗುಂಪಿನವು. ಎಂಡೋ ಎಂಬ ಕಂಪನಿ ಇದನ್ನು ‘ಒಪಾನಾ ಇಆರ್’ ಹೆಸರಿನಲ್ಲಿ, ನಿಧಾನವಾಗಿ ಕರಗುವ ಮಾತ್ರೆಯಾಗಿ ತಯಾರಿಸಿತು. ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2006ರಲ್ಲಿ. ದಿನವಿಡೀ ಕಾಡುವ ತೀವ್ರ ನೋವಿಗೆ ಹನ್ನೆರಡು ಗಂಟೆಗೊಂದು ಮಾತ್ರೆ. ಇದು ಕಾಗದದ ಮೇಲಿನ ಲೆಕ್ಕ.

ನಿಧಾನವಾಗಿ ಕರಗುವ ಮಾತ್ರೆಯಲ್ಲಿ ಒಂದು ತೊಡಕಿದೆ. ಅರ್ಧ ದಿನಕ್ಕೆ ಬೇಕಾದಷ್ಟು ಔಷಧಿಯನ್ನು ಒಂದೇ ಮಾತ್ರೆಯಲ್ಲಿ ತುಂಬಿರುತ್ತಾರೆ. ಆ ನಿಧಾನವನ್ನು ಯಾರಾದರೂ ಮುರಿದರೆ, ಇಡೀ ಪ್ರಮಾಣ ಒಂದೇ ಸಲ ಮೈಗೆ ಸೇರುತ್ತದೆ. ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗ ಮಂಕಾಗಿ, ಉಸಿರೇ ನಿಲ್ಲಬಹುದು. ಓಪಿಯಾಯ್ಡ್ ಸಾವುಗಳು ಆಗುವುದು ಮುಖ್ಯವಾಗಿ ಹೀಗೆ.

ಆಕ್ಸಿಮಾರ್ಫೋನಿನಲ್ಲಿ ಇನ್ನೊಂದು ವಿಚಿತ್ರವಿದೆ. ನುಂಗಿದರೆ ಅದರಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ರಕ್ತಕ್ಕೆ ತಲುಪುತ್ತದೆ. ಉಳಿದದ್ದನ್ನು ಯಕೃತ್ತು ಮೊದಲೇ ಒಡೆದುಬಿಡುತ್ತದೆ. ಹಾಗಾಗಿ ರಕ್ತನಾಳಕ್ಕೆ ನೇರವಾಗಿ ಹೋದಾಗ ಅದೇ ಮಾತ್ರೆಯ ಬಲ ಹಲವು ಪಟ್ಟು. ಚಟಕ್ಕೆ ಬಿದ್ದವರು ಸೂಜಿ ಹಿಡಿಯಲು ಬೇರೆ ಕಾರಣಗಳೂ ಇರುತ್ತವೆ. ಆದರೆ ಈ ಔಷಧಿಯ ಗುಣವೇ ಅವರನ್ನು ಆ ಕಡೆ ತಳ್ಳುವಂತಿತ್ತು ಅನ್ನುವುದನ್ನು ಮರೆಯಬಾರದು.

ಇಷ್ಟೊಂದು ಮಾತ್ರೆ ಬಂದದ್ದೆಲ್ಲಿಂದ? 2012ರಲ್ಲಿ ಅಮೆರಿಕದ ವೈದ್ಯರು ಬರೆದ ಓಪಿಯಾಯ್ಡ್ ಚೀಟಿಗಳು 25.9 ಕೋಟಿ. ಆ ದೇಶದ ಪ್ರತಿ ವಯಸ್ಕರಿಗೂ ಒಂದೊಂದು ಡಬ್ಬಿ ಕೊಡಬಹುದಾದಷ್ಟು. ಅಷ್ಟು ಪ್ರಮಾಣ ಮನೆಗಳಿಗೆ ಹೋದಾಗ ಒಂದಿಷ್ಟು ಕೈ ಬದಲಾಗದೇ ಇರುತ್ತದಾ? ಯಾರಿಗೋ ಬರೆದ ಚೀಟಿ, ಯಾರದೋ ಮನೆಯ ಕಪಾಟು, ಯಾರೋ ದುಡ್ಡಿಗಾಗಿ ಮಾರಿದ ಉಳಿದ ಮಾತ್ರೆ. ಇಂಥ ದುರ್ಬಳಕೆಯಲ್ಲಿ ಕಳ್ಳಸಾಗಣೆಗಾರ ಅಂತ ಬೆರಳು ತೋರಿಸಲು ಬಹಳ ಸಲ ಯಾರೂ ಸಿಗುವುದಿಲ್ಲ.

ಗಟ್ಟಿ ಮಾಡಿದ ಮಾತ್ರೆ

ಈ ಪ್ರಕರಣದಲ್ಲಿ ನಿಂತು ನೋಡಬೇಕಾದ ಜಾಗ ಇದು.

ಮೊದಲ ಒಪಾನಾ ಇಆರ್ ಮಾತ್ರೆಯನ್ನು ದುರ್ಬಳಕೆ ಮಾಡುವವರು ಹೆಚ್ಚಾಗಿ ಪುಡಿ ಮಾಡಿ ಮೂಗಿನಿಂದ ಎಳೆದುಕೊಳ್ಳುತ್ತಿದ್ದರು. ಕಂಪನಿ ಮಾತ್ರೆಯ ರಚನೆ ಬದಲಿಸಿತು. ಸುಲಭಕ್ಕೆ ಪುಡಿಯಾಗದ ಹೊಸ ಗಟ್ಟಿ ಮಾತ್ರೆಗೆ 2011ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2012ರಲ್ಲಿ ಮಾರುಕಟ್ಟೆಗೆ ಬಂತು. ಕೇಳಲು ಒಳ್ಳೆಯ ಉಪಾಯವೇ. ಪುಡಿಯಾಗದಿದ್ದರೆ ಮೂಗಿಗೆ ಏರಿಸುವುದು ಕಷ್ಟ, ಅಲ್ವಾ?

ಮೂಗಿನ ದಾರಿ ಕಷ್ಟವಾಯಿತು, ನಿಜ. ಜನ ಸೂಜಿಗೆ ಬದಲಾದರು. ಮುಂದೆ ಎಫ್‌ಡಿಎ ತಾನೇ ಮಾಹಿತಿ ಪರಿಶೀಲಿಸಿದಾಗ ಕಂಡದ್ದು ಇದೇ: ರಚನೆ ಬದಲಾದ ಮೇಲೆ ದುರ್ಬಳಕೆ ಮೂಗಿನಿಂದ ಇಂಜೆಕ್ಷನ್ ಕಡೆಗೆ ಗಣನೀಯವಾಗಿ ಹೊರಳಿತ್ತು. ಕಳ್ಳನಿಗೆ ಹೆದರಿ ಮುಂಬಾಗಿಲಿಗೆ ಎರಡು ಬೀಗ ಜಡಿದು, ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಯಿತು. ಅದೂ ಹಿತ್ತಿಲ ದಾರಿಯೇ ಹೆಚ್ಚು ಅಪಾಯದ್ದು. ಮೂಗಿನಿಂದ ಎಳೆದುಕೊಳ್ಳುವವನಿಗೆ ಮಿತಿಮೀರಿದ ಡೋಸ್‌ನ ಅಪಾಯ ಇದ್ದೇ ಇದೆ. ಸೂಜಿ ಹಿಡಿದವನಿಗೆ ಅದರ ಜೊತೆಗೆ ರಕ್ತದಿಂದ ಹರಡುವ ರೋಗಗಳೂ ಸೇರುತ್ತವೆ.

ನ್ಯಾಯವಾಗಿ ಹೇಳಬೇಕು ಅಂದರೆ ಎಲ್ಲವನ್ನೂ ಹೊಸ ರಚನೆಯ ತಲೆಗೆ ಕಟ್ಟುವಂತಿಲ್ಲ. ಹಳೆಯ ಮಾದರಿಯ ಜೆನೆರಿಕ್ ಮಾತ್ರೆಗಳೂ ಮಾರುಕಟ್ಟೆಯಲ್ಲಿದ್ದವು. ಆಸ್ಟಿನ್‌ನಲ್ಲಿ ಸೂಜಿ ಹಿಡಿದವರಲ್ಲಿ ಕೆಲವರು ಮೊದಲಿನಿಂದಲೂ ಸೂಜಿಯವರೇ ಇದ್ದಿರಬಹುದು. ಎಫ್‌ಡಿಎ ಕೂಡ ಹೊಸ ಮಾತ್ರೆಯನ್ನು ಕಣ್ಣುಮುಚ್ಚಿ ಹೊಗಳಿರಲಿಲ್ಲ. ‘ದುರ್ಬಳಕೆ ತಡೆಯುವ ಮಾತ್ರೆ’ ಎಂದು ಲೇಬಲ್ ಮೇಲೆ ಹಾಕಿಕೊಳ್ಳಲು ಕಂಪನಿ ಕೇಳಿದಾಗ, ಅದಕ್ಕೆ ತಕ್ಕ ಪುರಾವೆ ಇಲ್ಲ ಅಂತ ನಿರಾಕರಿಸಿತ್ತು. ಲೇಬಲ್‌ಗೆ ಇಲ್ಲ ಅಂದರೂ ಮಾತ್ರೆ ಮಾರಾಟ ನಡೆದೇ ಇತ್ತು.

ಎಚ್ಚರಿಕೆ ಮೊದಲೇ ಬಂದಿತ್ತು ಅನ್ನುವುದು ನನ್ನನ್ನು ಜಾಸ್ತಿ ಕಾಡುತ್ತದೆ. 2012ರಲ್ಲಿ ಟೆನೆಸಿ ರಾಜ್ಯದಲ್ಲಿ ಈ ಹೊಸ ಮಾತ್ರೆಯನ್ನು ಚುಚ್ಚಿಕೊಂಡವರಲ್ಲಿ ಒಂದು ಅಪರೂಪದ ರಕ್ತದ ಕಾಯಿಲೆ ಕಾಣಿಸಿಕೊಂಡಿತು. ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ, ಮೂತ್ರಪಿಂಡ ಕೆಡುವಂಥ ಕಾಯಿಲೆ. ಮಾತ್ರೆಯನ್ನು ಗಟ್ಟಿ ಮಾಡಲು ಬಳಸಿದ ಪದಾರ್ಥದ ಮೇಲೇ ಆಮೇಲೆ ಸಂಶಯ ಬಂತು. ನುಂಗಿ ಹೊಟ್ಟೆಗೆ ಹೋಗಲೆಂದು ಮಾಡಿದ ಪದಾರ್ಥ ರಕ್ತಕ್ಕೆ ಹೋದರೆ ಏನಾಗುತ್ತದೆ ಅಂತ ಯಾರು ಪರೀಕ್ಷಿಸಿರುತ್ತಾರೆ? ಸಿಡಿಸಿ ಇದರ ವರದಿಯನ್ನು 2013ರ ಜನವರಿಯಲ್ಲೇ ಪ್ರಕಟಿಸಿತು. ಈ ಮಾತ್ರೆ ಸೂಜಿಗೆ ಹೋಗುತ್ತಿದೆ ಎಂಬ ಸುದ್ದಿ ಆಸ್ಟಿನ್ ಪ್ರಕರಣಕ್ಕೆ ಎರಡು ವರ್ಷ ಮೊದಲೇ ಅಧಿಕೃತ ಕಾಗದದ ಮೇಲಿತ್ತು.

ಅಷ್ಟು ವೇಗ ಏಕೆ?

ಚುಚ್ಚಿಕೊಂಡ ಆಕ್ಸಿಮಾರ್ಫೋನಿನ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಳಿದ ಕೂಡಲೇ ಮೈಮುರಿತ, ನಡುಕ, ವಾಂತಿ, ಭೇದಿ, ತಡೆಯಲಾಗದ ಚಡಪಡಿಕೆ. ಒಂದು ಹಂತದ ನಂತರ ಜನ ಮಜಾ ಸಿಗಲಿ ಅಂತ ತಗೊಳ್ಳುವುದಿಲ್ಲ. ಈ ನರಳಾಟ ತಪ್ಪಲಿ ಅಂತ ತಗೊಳ್ಳುತ್ತಾರೆ. ಆಸ್ಟಿನ್‌ನಲ್ಲಿ ಮಾತಾಡಿಸಿದವರು ದಿನಕ್ಕೆ 4ರಿಂದ 15 ಸಲ ಚುಚ್ಚಿಕೊಳ್ಳುತ್ತಿದ್ದುದಾಗಿ ಹೇಳಿದರು. ಪ್ರತಿ ಸಲ ಜೊತೆಗೆ ಒಬ್ಬರಿಂದ ಆರು ಜನ.

ಮಾತ್ರೆ ದುಬಾರಿ. ಹಾಗಾಗಿ ಒಂದನ್ನು ಹಲವರು ಸೇರಿ ಕೊಂಡು ಪಾಲು ಮಾಡಿಕೊಳ್ಳುತ್ತಿದ್ದರು. ಪಾಲಿನ ಜೊತೆ ಸೂಜಿಯೂ, ಉಳಿದ ಸಾಮಾನೂ ಕೈಯಿಂದ ಕೈಗೆ ಹೋಗುತ್ತಿದ್ದವು. ಕೆಲವು ಮನೆಗಳಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಕೂತು ಚುಚ್ಚಿಕೊಳ್ಳುತ್ತಿದ್ದರು ಅಂತ ಸಿಡಿಸಿಯ ವರದಿಯೇ ಹೇಳುತ್ತದೆ. ಅಪರಿಚಿತರ ಸೂಜಿಗೆ ಹೆದರುವವರೂ ಮನೆಯವರ ಸೂಜಿಗೆ ಹೆದರುವುದಿಲ್ಲ.

ಇದರ ಮೇಲೆ ವೈರಸ್ಸಿನ ಸ್ವಭಾವ ಬೇರೆ. ಎಚ್‌ಐವಿ ತಗುಲಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಸೋಂಕು ತಗುಲಿದವನಿಗೆ ಅದು ಗೊತ್ತೇ ಇರುವುದಿಲ್ಲ. ಹೆಚ್ಚೆಂದರೆ ಜ್ವರ ಬಂದು ಹೋದ ಹಾಗೆ ಇರಬಹುದು. ದಿನಕ್ಕೆ ಹತ್ತು ಸಲ ಸೂಜಿ ಹಂಚಿಕೊಳ್ಳುವ ಗುಂಪಿಗೆ ಅಂಥ ಒಬ್ಬರು ಬಂದರೆ ಸಾಕು.

ಇರಬೇಕಾದ್ದು ಇರಲಿಲ್ಲ

ಕೌಂಟಿಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಒಂದು ಕ್ಲಿನಿಕ್ 2013ರಲ್ಲಿ ಬಾಗಿಲು ಮುಚ್ಚಿತ್ತು. ಚಟ ಬಿಡಿಸುವ ಚಿಕಿತ್ಸೆ ಕೈಗೆಟುಕುವಷ್ಟು ಹತ್ತಿರ ಇರಲಿಲ್ಲ. ಮೆಥಡೋನ್, ಬ್ಯೂಪ್ರೆನಾರ್ಫಿನ್‌ನಂಥ ಔಷಧಿಗಳು ನರಳಾಟ ತಡೆದು, ಜನ ಸೂಜಿ ಬಿಡಲು ನೆರವಾಗುತ್ತವೆ. ಸಾವನ್ನೂ ಕಡಿಮೆ ಮಾಡುತ್ತವೆ. ಚೆನ್ನಾಗಿ ಪರೀಕ್ಷೆಯಾದ ಔಷಧಿಗಳು ಇವು. ಮಾತ್ರೆ ಬರೆಯಲು ದಾರಿ ಸಲೀಸು, ಚಟ ಬಿಡಿಸುವ ಔಷಧಿ ಸಿಗಲು ದಾರಿ ಉದ್ದ. ಈ ಅಸಮತೋಲನವನ್ನು ಯಾರೂ ಬೇಕಂತ ಮಾಡಿರಲಿಕ್ಕಿಲ್ಲ, ಆದರೆ ಫಲ ಒಂದೇ.

ಹೊಸ ಸಿರಿಂಜ್ ಕೊಟ್ಟು ಬಳಸಿದ್ದನ್ನು ವಾಪಸ್ ಪಡೆಯುವ ಕಾರ್ಯಕ್ರಮ ನಡೆಸಲು ಇಂಡಿಯಾನಾದ ಕಾನೂನು ಆಗ ಬಿಡುತ್ತಿರಲಿಲ್ಲ.

ಯಕೃತ್ತಿಗೆ ತಗುಲುವ ವೈರಸ್ ಸೋಂಕು ಹೆಪಟೈಟಿಸ್ ಸಿ ಇನ್ನೊಂದು ಸುಳಿವು. ಸೋಂಕಿತ 181 ಜನರಲ್ಲಿ ನೂರಕ್ಕೆ 92ಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಇದು ಸೂಜಿಯಿಂದ ಎಚ್‌ಐವಿಗಿಂತ ಸುಲಭವಾಗಿ ಹರಡುತ್ತದೆ. ಅದು ಹರಡಿರುವ ಕಡೆ ಜನ ಸೂಜಿ ಹಂಚಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಪಕ್ಕದ ಕೆಂಟಕಿ, ಜೊತೆಗೆ ಟೆನೆಸಿ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಈ ನಾಲ್ಕು ರಾಜ್ಯಗಳಲ್ಲಿ 2006ರಿಂದ 2012ರ ನಡುವೆ 30 ವರ್ಷದೊಳಗಿನವರಲ್ಲಿ ಹೊಸ ಹೆಪಟೈಟಿಸ್ ಸಿ ಶೇ 364ರಷ್ಟು ಏರಿತ್ತು. ಈ ಅಂಕಿಯ ಮುಂದೆ ‘ಅನಿರೀಕ್ಷಿತ’ ಅನ್ನುವ ಮಾತು ನಿಲ್ಲುವುದಿಲ್ಲ.

ತುರ್ತು ಕ್ರಮ, ಮತ್ತು ತಡ

2015ರ ಮಾರ್ಚ್ 26ರಂದು ರಾಜ್ಯಪಾಲ ಮೈಕ್ ಪೆನ್ಸ್ ಕೌಂಟಿಯಲ್ಲಿ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದರು. ಅಮೆರಿಕದಲ್ಲಿ ರಾಜ್ಯಪಾಲರು ಚುನಾಯಿತರು, ಆಡಳಿತ ಅವರ ಕೈಯಲ್ಲೇ ಇರುತ್ತದೆ. ಸಿರಿಂಜ್ ವಿನಿಮಯಕ್ಕೆ ಪೆನ್ಸ್ ಮೊದಲಿನಿಂದ ವಿರೋಧಿ. ಆದರೂ 30 ದಿನಕ್ಕೆ ಅಂತ ಅನುಮತಿ ಕೊಟ್ಟರು. ಏಪ್ರಿಲ್ ಮೊದಲ ವಾರದಲ್ಲಿ ಕೆಲಸ ಶುರುವಾಯಿತು. ಮೇ ತಿಂಗಳಲ್ಲಿ ಹೊಸ ಕಾನೂನು ಬಂತು. ಅದರ ಷರತ್ತು ನೋಡಿ: ಕಾರ್ಯಕ್ರಮ ಬೇಕಾದ ಕೌಂಟಿ ಮೊದಲು ತನ್ನಲ್ಲಿ ಸೂಜಿಯಿಂದ ಎಚ್‌ಐವಿ ಅಥವಾ ಹೆಪಟೈಟಿಸ್ ಸಿ ಹರಡುತ್ತಿದೆ ಅಂತ ತೋರಿಸಬೇಕು. ಅಂದರೆ ರೋಗ ತಡೆಯಲು ಅನುಮತಿ ಬೇಕಾದರೆ ರೋಗ ಬಂದಿರಬೇಕು.

ಆಸ್ಟಿನ್‌ನಲ್ಲಿ ಒಂದೇ ಕಡೆ ಎಲ್ಲ ಸೇವೆ ಸಿಗುವ ಕೇಂದ್ರ ತೆರೆದರು. ಪರೀಕ್ಷೆ, ಲಸಿಕೆ, ಆರೋಗ್ಯ ವಿಮೆಗೆ ನೋಂದಣಿ, ಜೊತೆಗೆ ಗುರುತಿನ ಚೀಟಿ, ಜನನ ಪ್ರಮಾಣಪತ್ರ ಮಾಡಿಸಿಕೊಡುವ ವ್ಯವಸ್ಥೆ. ಇದು ಸುಮ್ನೆ ಕಾಗದದ ಕೆಲಸ ಅನ್ನಿಸಬಹುದು. ಆದರೆ ಗುರುತಿನ ಚೀಟಿ ಇಲ್ಲದವನಿಗೆ ವಿಮೆ ಇಲ್ಲ, ವಿಮೆ ಇಲ್ಲದವನಿಗೆ ಎಚ್‌ಐವಿ ಔಷಧಿ ಸಿಗುವುದು ಕಷ್ಟ. ಔಷಧಿ ಸರಿಯಾಗಿ ತಗೊಂಡು ವೈರಸ್ ಹತೋಟಿಗೆ ಬಂದರೆ ಅವರಿಂದ ಬೇರೆಯವರಿಗೆ ಹರಡುವ ಸಾಧ್ಯತೆಯೂ ತೀರಾ ಇಳಿಯುತ್ತದೆ. ಸೂಜಿ ಹಂಚಿಕೊಳ್ಳುವುದು ಕಡಿಮೆಯಾಯಿತು. ಹೊಸ ಸೋಂಕುಗಳೂ ಇಳಿದವು.

ಇನ್ನೂ ಬೇಗ ಮಾಡಿದ್ದರೆ? ಯೇಲ್ ವಿಶ್ವವಿದ್ಯಾಲಯದ ಗ್ರೆಗ್ ಗೊನ್ಸಾಲ್ವಸ್ ಮತ್ತು ಫಾರೆಸ್ಟ್ ಕ್ರಾಫರ್ಡ್ 2018ರಲ್ಲಿ ಈ ಲೆಕ್ಕ ಹಾಕಿದರು. 2013ರ ಆರಂಭದಲ್ಲೇ ಕ್ರಮ ಕೈಗೊಂಡಿದ್ದರೆ ಕನಿಷ್ಠ 127 ಸೋಂಕುಗಳು ತಪ್ಪುತ್ತಿದ್ದವು ಅನ್ನುವುದು ಅವರ ಅಂದಾಜು. ತುರ್ತು ಪರಿಸ್ಥಿತಿ ಘೋಷಣೆಯಾಗುವ ಹೊತ್ತಿಗೆ ಹರಡುವಿಕೆಯ ಉತ್ತುಂಗ ದಾಟಿಯಾಗಿತ್ತು ಅಂತಲೂ ಅವರು ಹೇಳಿದರು. ಇದು ಗಣಿತದ ಮಾದರಿ, ಕಣ್ಣಾರೆ ಕಂಡ ಸತ್ಯವಲ್ಲ. ಆದರೂ ದಿಕ್ಕು ಸ್ಪಷ್ಟ. ಇದನ್ನು ಹಿಡಿದು ಸಿರಿಂಜ್ ಕಾರ್ಯಕ್ರಮ ವ್ಯರ್ಥ ಅನ್ನುವವರೂ ಇದ್ದಾರೆ. ತಡವಾಗಿ ಬಂದ ಕೊಡೆಯನ್ನು ಬೈಯಬಹುದು, ಕೊಡೆಯೇ ಬೇಡ ಅನ್ನಲಾಗದು.

ಮಾತ್ರೆಗೆ ಏನಾಯಿತು?

2017ರ ಮಾರ್ಚ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ಹೊಸ ಒಪಾನಾ ಇಆರ್‌ನ ಲಾಭ ಅದರ ಅಪಾಯಕ್ಕಿಂತ ಹೆಚ್ಚಿಲ್ಲ ಅಂತ 18–8 ಮತದಿಂದ ಹೇಳಿತು. ಜೂನ್ 8ರಂದು ಎಫ್‌ಡಿಎ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆಯಲು ಕಂಪನಿಯನ್ನು ಕೇಳಿಕೊಂಡಿತು. ದುರ್ಬಳಕೆಯಿಂದ ಜನರ ಆರೋಗ್ಯಕ್ಕೆ ಆಗುವ ಹಾನಿಯ ಕಾರಣಕ್ಕೆ, ಮಾರಾಟದಲ್ಲಿರುವ ಓಪಿಯಾಯ್ಡ್ ನೋವಿನ ಔಷಧಿಯೊಂದನ್ನು ಅದು ಹೀಗೆ ತೆಗೆಯಲು ಕೇಳಿದ್ದು ಅದೇ ಮೊದಲು. ಜುಲೈನಲ್ಲಿ ಎಂಡೋ ಒಪ್ಪಿಕೊಂಡಿತು. ಮಾತು ಕೇಳದಿದ್ದರೆ ಒಪ್ಪಿಗೆ ವಾಪಸ್ ಪಡೆಯುವ ದಾರಿ ಎಫ್‌ಡಿಎಗೆ ಇದ್ದೇ ಇತ್ತು ಬಿಡಿ.

ಅಲ್ಲಿಯವರೆಗೆ ಔಷಧಿಯನ್ನು ತೂಗುವ ರೀತಿಯೇ ಬೇರೆ ಇತ್ತು. ಚೀಟಿಯಲ್ಲಿ ಬರೆದ ಹಾಗೆ ತಗೊಂಡರೆ ಈ ರೋಗಿಗೆ ಒಳ್ಳೆಯದಾ, ಕೆಟ್ಟದ್ದಾ? ಪ್ರಶ್ನೆ ಅಷ್ಟೇ. ಒಪಾನಾ ವಿಷಯದಲ್ಲಿ, ಚೀಟಿಯೇ ಇಲ್ಲದೆ ತಗೊಳ್ಳುವ ಮೂರನೆಯವರಿಗೆ ಏನಾಗುತ್ತದೆ ಅನ್ನುವುದೂ ತಕ್ಕಡಿಗೆ ಬಂತು. ನಿಜವಾದ ನೋವಿರುವ ರೋಗಿಗಳಿಗೆ ಇದು ಅನ್ಯಾಯ ಅಂತ ಆಕ್ಷೇಪವೂ ಬಂತು. ಆ ಆಕ್ಷೇಪ ಹಗುರವಾದದ್ದಲ್ಲ. ಹಠಾತ್ತನೆ ಓಪಿಯಾಯ್ಡ್ ನಿಲ್ಲಿಸಿದರೆ ರೋಗಿ ನರಳುತ್ತಾನೆ, ಕೆಲವರು ಬೀದಿಯ ಮಾಲು ಹುಡುಕಿಕೊಂಡು ಹೋಗುತ್ತಾರೆ. ಮಾತ್ರೆ ತೆಗೆಯುವುದರ ಜೊತೆಗೇ ಚಿಕಿತ್ಸೆಗೆ ದಾರಿ ಮಾಡದಿದ್ದರೆ 2012ರ ಕಥೆಯೇ ಬೇರೆ ಹೆಸರಲ್ಲಿ ಮತ್ತೆ ನಡೆಯುತ್ತದೆ.

ನಂತರ

2015ರ ಕೊನೆಯಲ್ಲಿ ಅಮೆರಿಕದ ಸಂಸತ್ತು ನಿಯಮ ಸಡಿಲಿಸಿತು. ಸಿರಿಂಜ್ ಖರೀದಿಯೊಂದನ್ನು ಬಿಟ್ಟು, ಇಂಥ ಕಾರ್ಯಕ್ರಮಗಳ ಉಳಿದ ಖರ್ಚಿಗೆ ಕೇಂದ್ರದ ಹಣ ಬಳಸಬಹುದು ಅಂತಾಯಿತು. ಸಿಡಿಸಿ ದೇಶದ ಕೌಂಟಿಗಳನ್ನು ಅಳೆದು, ಆಸ್ಟಿನ್‌ನಂಥ ಸ್ಫೋಟಕ್ಕೆ ಈಡಾಗಬಹುದಾದ 220 ಕೌಂಟಿಗಳನ್ನು 26 ರಾಜ್ಯಗಳಲ್ಲಿ ಗುರುತಿಸಿತು. ಪಟ್ಟಿಯ ಬಹುಪಾಲು ಹಳ್ಳಿಗಾಡು. ವೆಸ್ಟ್ ವರ್ಜೀನಿಯಾದ ಚಾರ್ಲ್‌ಸ್ಟನ್ ನಗರದಲ್ಲಿ 2018ರಲ್ಲಿ ಸಿರಿಂಜ್ ಕಾರ್ಯಕ್ರಮ ನಿಂತಿತು. ಕೆಲವೇ ವರ್ಷಗಳಲ್ಲಿ ಆ ಕೌಂಟಿಯಲ್ಲೂ ಸೂಜಿಯಿಂದ ಎಚ್‌ಐವಿ ಗುಂಪು ಗುಂಪಾಗಿ ಹರಡಿತು.

ಸ್ಕಾಟ್ ಕೌಂಟಿಯಲ್ಲಿ ಒಟ್ಟು ಸೋಂಕಿತರ ಸಂಖ್ಯೆ ಮುಂದಿನ ವರ್ಷಗಳಲ್ಲಿ 200 ದಾಟಿತು. ಆದರೆ ಹೊಸ ಸೋಂಕು ವರ್ಷಕ್ಕೆ ಬೆರಳೆಣಿಕೆಯಷ್ಟಕ್ಕೆ ಇಳಿದಿತ್ತು. ಹೀಗೆ ಇಳಿದದ್ದೇ ಕಾರ್ಯಕ್ರಮಕ್ಕೆ ಮುಳುವಾಯಿತು. ರೋಗ ಹತೋಟಿಗೆ ಬಂತಲ್ಲ, ಇನ್ನೇಕೆ ಅನ್ನುವ ಮಾತು ಶುರುವಾಯಿತು. ನಾವು ಕೊಟ್ಟ ಸೂಜಿಯಿಂದಲೇ ಯಾರಾದರೂ ಸತ್ತರೆ ಅನ್ನುವ ಅಳುಕೂ ಇತ್ತು. 2015ರಲ್ಲಿ ರಾಜ್ಯದ ಆರೋಗ್ಯ ಆಯುಕ್ತರಾಗಿದ್ದು, ಆಮೇಲೆ ದೇಶದ ಸರ್ಜನ್ ಜನರಲ್ (ಸರ್ಕಾರದ ಪರವಾಗಿ ಜನರಿಗೆ ಆರೋಗ್ಯ ಸಲಹೆ ಕೊಡುವ ಹಿರಿಯ ಅಧಿಕಾರಿ) ಆದ ಜೆರೋಮ್ ಆಡಮ್ಸ್ ಕಾರ್ಯಕ್ರಮ ಉಳಿಸಿಕೊಳ್ಳಿ ಅಂತ ಕೇಳಿಕೊಂಡರು. 2021ರ ಜೂನ್‌ನಲ್ಲಿ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳು ಮತ ಹಾಕಿದರು. 2–1ರಲ್ಲಿ, ಕಾರ್ಯಕ್ರಮವನ್ನು ಮುಗಿಸುವುದು ಅಂತ ತೀರ್ಮಾನವಾಯಿತು.